ಗುಡಿಸಿಟ್ಟ ಹೊಲ

ಇಂದಿರಾನಗರದ ಆ ಸಣ್ಣ ಟ್ರಸ್ಟಿನ ಮೀಟಿಂಗುಗಳಲ್ಲಿ ಪ್ರಭುಲಿಂಗ ಬಾಯಿ ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಟ್ರಸ್ಟು ರೈತರ ಗುಂಪುಗಳಿಗೆ ಅನುದಾನ ಕೊಡುತ್ತದೆ. ಮಣ್ಣಿಗೆ ವಿಷ ಸುರಿಯದೆ, ಕಳೆದುಹೋದ ಸಾರ ಮತ್ತೆ ಕೂಡಿಬರುವ ಹಾಗೆ ಬೇಸಾಯ ಮಾಡುವವರಿಗೆ ಮಾತ್ರ. ಗುಂಪುಗಳನ್ನು ಹುಡುಕುವವರು ಬೇರೆ, ಹೊಗಳುವವರು ಬೇರೆ. ಪ್ರಭುಲಿಂಗ ಇಪ್ಪತ್ತು ವರ್ಷದಿಂದ ಲೆಕ್ಕಪತ್ರ ನೋಡಿಕೊಂಡು, ಬಿಸ್ಕತ್ತು ತಿಂದು, ಗರುಡಾಚಾರ್‌ಪಾಳ್ಯದ ಬಾಡಿಗೆ ಮನೆಗೆ ವಾಪಸ್ಸಾಗುತ್ತಿದ್ದರು. ಅಂಥವರು ಈ ಸಲ ಎದ್ದು ನಿಂತು, "ಒಂದು ಗುಂಪು ನಾನೇ ನೋಡಿ ಬಂದೀನಿ, ಇವರಿಗೆ ಕೊಡಬೇಕು" ಎಂದುಬಿಟ್ಟರು. ಅಷ್ಟು ಹೇಳುವಷ್ಟರಲ್ಲಿ ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆ ಗುಂಪು ಅವರಿಗೆ ಸಿಕ್ಕಿದ್ದು ಹಲಸೂರಿನಲ್ಲಿ, ಭಾನುವಾರ ಸೊಪ್ಪು ಕೊಳ್ಳಲು ಹೋದಾಗ. ಮಾರುತ್ತಿದ್ದ ಮುನಿರಾಜಪ್ಪನ ಊರು ಕೆ.ಆರ್.ಪುರ ದಾಟಿ ಹೊಸಕೋಟೆ ಕಡೆ ಒಳಕ್ಕೆ. ಸುತ್ತಮುತ್ತ ಹೊಲಗಳೆಲ್ಲ ಸೈಟುಗಳಾಗಿ ಕಲ್ಲು ನೆಟ್ಟುಕೊಂಡು ಕೂತಿದ್ದರೂ ಅಲ್ಲಿ ಹತ್ತು ಹನ್ನೆರಡು ಮನೆಯವರು ಹಠ ಹಿಡಿದು ಬೇಸಾಯ ಮಾಡುತ್ತಿದ್ದರು. ಮಾತು ಬೆಳೆದು ಪ್ರಭುಲಿಂಗ ಮುಂದಿನ ಭಾನುವಾರ ಊರಿಗೇ ಹೋದರು. ಹೊಲದಲ್ಲಿ ಎಲ್ಲೂ ಬರಿ ಮಣ್ಣು ಕಾಣಲಿಲ್ಲ. ಹೊಂಗೆ ಎಲೆ, ಅವರೆ ಹೊಟ್ಟು, ಕಿತ್ತ ಕಳೆ, ಸಿಕ್ಕಿದ್ದೆಲ್ಲ ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹರಡಿತ್ತು. ಅದನ್ನು ಸರಿಸಿ ಕೈಯಿಟ್ಟರೆ ಒಳಗೆ ತಂಪು, ಎರೆಹುಳು. ಕುಷ್ಟಗಿ ಕಡೆಯ ಕರಿಮಣ್ಣಿನಲ್ಲಿ ಬೆಳೆದ ಪ್ರಭುಲಿಂಗ ಆ ಕೆಂಪು ಮಣ್ಣನ್ನು ಮೂಸಿ ನೋಡಿ ಅಲ್ಲೇ ಸೋತುಹೋದರು.

ಟ್ರಸ್ಟಿನ ಮುಖ್ಯಸ್ಥೆ ರಶ್ಮಿ ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಪ್ರಭು ಸರ್, ಬೇಸಾಯ ಚೆನ್ನಾಗೇ ಇರ್ಬೋದು. ಆದ್ರೆ ಗುಂಪು ಅನ್ನೋದು ನಿಜವಾಗ್ಲೂ ಇದೆಯಾ? ಹೋದ್ವರ್ಷ ಏನಾಯ್ತು ಗೊತ್ತಲ್ಲ, ಫೋಟೋಗೆ ಮಾತ್ರ ಒಟ್ಟಿಗೆ ನಿಂತಿದ್ರು. ಒಬ್ರ ಮುಖ ಒಬ್ರಿಗೆ ಆಗ್ತಿರ್ಲಿಲ್ಲ. ಈ ಸಲ ನಾನೇ ಬಂದು ನೋಡ್ತೀನಿ. ಡೌಟ್ ಬಂದ್ರೆ ಇಲ್ಲ ಅಂತೀನಿ, ಬೇಜಾರ್ ಮಾಡ್ಕೋಬೇಡಿ."

ಬೇಜಾರಲ್ಲ, ಪ್ರಭುಲಿಂಗರಿಗೆ ಹಿಡಿದದ್ದು ಭಯ. ಒಂದೇ ಒಂದು ಸಲ ಎದ್ದು ನಿಂತಿದ್ದು, ಅದೂ ನೆಲಕಚ್ಚಿದರೆ? ಅಂದಿನಿಂದ ಮುನಿರಾಜಪ್ಪನಿಗೆ ಫೋನು ಶುರುವಾಯಿತು. ಮೇಡಂ ಬರ್ತಾರೆ, ಮೊದಲನೇ ಸಲ ಬರ್ತಾರೆ, ಎಲ್ಲ ಚೆನ್ನಾಗಿರ್ಲಿ. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಹೆಂಡತಿ ಜಯಮಾಲಾ ರೊಟ್ಟಿ ಬಡಿಯುತ್ತ ಕೇಳಿ ಕೇಳಿ ರೋಸಿಹೋದರು. "ಅಲ್ರೀ, ಅದನ್ನ ಎಷ್ಟ್ ಸಲ ಹೇಳ್ತೀರಿ? ಪಾಪ, ಅವ್ರ ಎದಿ ಯಾಕ ಒಡಸ್ತೀರಿ? ಇದ್ದಂಗ ಇರ್ಲಿ ಬಿಡ್ರಿ."

ಬಿಡಬೇಕಿತ್ತು. ಬಿಡಲಿಲ್ಲ.

ಆ ದಿನ ರಶ್ಮಿಯವರ ಜೊತೆ ಕಾರು ಇಳಿದು ಪ್ರಭುಲಿಂಗ ಹೊಲದ ಕಡೆ ತಿರುಗಿದರು. ಹೊಲ ಸುಗ್ಗಿಯ ಕಣದ ಹಾಗೆ ನುಣ್ಣಗಿತ್ತು. ಒಂದು ಒಣ ಎಲೆಯಿಲ್ಲ, ಒಂದು ಕಡ್ಡಿಯಿಲ್ಲ. ಬಿಸಿಲಿಗೆ ಬಿದ್ದ ಬೋಳು ಮಣ್ಣಿನಲ್ಲಿ ಬದನೆ ಗಿಡಗಳು ಒಂಟಿ ಒಂಟಿಯಾಗಿ ನಿಂತಿದ್ದವು. ಬದುವಿನ ಮೇಲೆ ಸಗಣಿ ಸಾರಿಸಿ ರಂಗೋಲಿ ಬೇರೆ! ಇಸ್ತ್ರಿ ಅಂಗಿ ತೊಟ್ಟ ಮುನಿರಾಜಪ್ಪ ಮದುವೆ ಗಂಡಿನ ತಂದೆಯಂತೆ ಬೀಗುತ್ತ ಎದುರುಗೊಂಡ. ಪಕ್ಕದಲ್ಲಿ ಅವನ ಹೆಂಡತಿ ವೆಂಕಟಲಕ್ಷ್ಮಮ್ಮ, ಕೈಯಲ್ಲಿ ಮಜ್ಜಿಗೆ ಚೊಂಬು.

ರಶ್ಮಿ ಬಗ್ಗಿ ಮಣ್ಣು ಮುಟ್ಟಿದರು. "ಪ್ರಭು ಸರ್ ಹೇಳಿದ ಮುಚ್ಚಿಗೆ ಎಲ್ಲಿ?"

"ತಗ್ದಾಕ್‌ಬಿಟ್ವಿ ಮೇಡಂ," ಎಂದ ಮುನಿರಾಜಪ್ಪ. "ನೆಂಟ್ರು ಬತ್ತಾರೆ ಅಂದ್ಮೇಲೆ ಕಸ ಕಡ್ಡಿ ಅಂಗೇ ಬಿಡಕ್ಕಾಯ್ತದಾ? ಸಾರು ದಿನಾ ಫೋನ್ ಮಾಡಿ ಮಾಡಿ ಹೇಳವ್ರೆ."

ರಶ್ಮಿ ತಿರುಗಿ ಪ್ರಭುಲಿಂಗರನ್ನು ನೋಡಿದರು. ಪ್ರಭುಲಿಂಗರಿಗೆ ಅಳುವೊಂದು ಬಾಕಿ. "ತಪ್ಪು ನಂದು ಮೇಡಂ. ಇವ್ರದ್ದೇನಿಲ್ಲ. ನಾನು ಬಾಯಿ ಮುಚ್ಕೊಂಡಿದ್ರೆ ಇದಾಗ್ತಿರ್ಲಿಲ್ಲ," ಎಂದು ಬಡಬಡಿಸಿದರು.

ರಶ್ಮಿ ಬದುವಿನ ಮೇಲೆ ನಡೆದರು. ಪಕ್ಕದ ಹೊಲವೂ ಬೋಳು. ಅದರಾಚೆಯದೂ ಬೋಳು. ಕಣ್ಣು ಹಾಯುವವರೆಗೂ ಗುಡಿಸಿಟ್ಟಿದ್ದರು ಪುಣ್ಯಾತ್ಮರು. ಅವರು ನಿಂತು ಕೇಳಿದರು, "ಇಷ್ಟೂ ಯಾವಾಗ ಮಾಡಿದ್ರಿ?"

"ನೆನ್ನೆ," ಎಂದರು ವೆಂಕಟಲಕ್ಷ್ಮಮ್ಮ.

"ಒಂದೇ ದಿನಕ್ಕಾ? ಕೂಲಿಯವ್ರನ್ನ ಕರೆಸಿದ್ರಾ?"

"ಕೂಲಿ ಯಾಕವ್ವಾ? ನಮ್ದು ಮುಯ್ಯಾಳು. ಇವತ್ತು ನೀನು ನನ್ ಹೊಲಕ್ಕೆ ಬಾ, ನಾಳೆ ನಾನು ನಿನ್ ಹೊಲಕ್ಕೆ ಬತ್ತೀನಿ ಅಂತ. ಬೆಳಿಗ್ಗೆ ಎಲ್ಲಾ ಮನೆಯೋರೂ ನಮ್ ಹೊಲದಿಂದ ಸುರು ಅಚ್ಕಂಡು, ಒತ್ತು ಮುಳುಗೋದ್ರೊಳ್ಗೆ ಆ ಕೊನೇದು ಮುಗಿಸಿದ್ವಿ. ನಮ್ಮನೇಲೇ ಎಲ್ರಿಗೂ ಮುದ್ದೆ."

"ಒಬ್ರೂ ತಪ್ಪಿಸ್ಕೊಳ್ಲಿಲ್ವಾ?"

"ಒಬ್ಬಳು ಬರ್ಲಿಲ್ಲ, ಅವಳ್ ಸೊಸೆ ಬಾಣಂತಿ. ಅವಳು ಸಾರು ಮಾಡಿ ಕಳ್ಸಿದ್ಲು."

ರಶ್ಮಿ ಅಷ್ಟು ಹೊತ್ತು ತಡೆದಿದ್ದ ನಗುವನ್ನು ಬಿಟ್ಟರು. ಯಾವ ಗುಂಪು ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಅವರು ಬಂದಿದ್ದರೋ, ಆ ಗುಂಪು ಅವರಿಗೆ ಮರ್ಯಾದೆ ಮಾಡಲೆಂದೇ ಒಟ್ಟಾಗಿ ಸೊಂಟ ಬಗ್ಗಿಸಿ, ತನ್ನ ಒಳ್ಳೆಯ ಕೆಲಸವನ್ನೆಲ್ಲ ತಾನೇ ಕಿತ್ತು ಹಾಕಿಕೊಂಡಿತ್ತು. "ಅಯ್ಯೋ, ನಾನು ನೋಡೋಕ್ ಬಂದಿದ್ದೇ ಆ ಕಸಾನ ಕಣಮ್ಮಾ," ಎಂದರು.

ವೆಂಕಟಲಕ್ಷ್ಮಮ್ಮ ಚೊಂಬು ಕೆಳಗಿಟ್ಟು, ಬದುವಿನಂಚಿಗೆ ಹೋಗಿ ಒಂದು ಕೂಗು ಹಾಕಿದರು. ಮನೆಮನೆಯಿಂದ ಮಂಕರಿ ಬುಟ್ಟಿ ಹೊತ್ತು ಜನ ಬಂದರು. ಹಿತ್ತಲಲ್ಲಿ ಗುಡ್ಡೆ ಹಾಕಿದ್ದ ಎಲೆ, ಹೊಟ್ಟು, ಕಳೆ ಎಲ್ಲ ಮತ್ತೆ ಹೊಲಕ್ಕೆ ನಡೆಯಿತು. ಪ್ರಭುಲಿಂಗ ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು, ತಾವೂ ಮಂಕರಿ ಎತ್ತಿದರು. ತಲೆಯ ಮೇಲೆ ಹೊಟ್ಟು ಉದುರಿ ಮೈಯೆಲ್ಲ ನವೆ. ಆದರೂ ಮನಸ್ಸು ಇಷ್ಟು ಹಗುರಾದದ್ದು ಅವರಿಗೆ ನೆನಪೇ ಇರಲಿಲ್ಲ. ಊಟದ ಹೊತ್ತಿಗೆ ಬದನೆ ಗಿಡಗಳ ಬುಡ ಮುಚ್ಚಿತ್ತು, ರಶ್ಮಿಯ ದುಪಟ್ಟದ ತುಂಬ ಹೊಂಗೆ ಎಲೆಯ ಚೂರು ಸಿಕ್ಕಿಕೊಂಡಿತ್ತು.

ಮುಂದಿನ ವಾರ ಮೀಟಿಂಗಿನಲ್ಲಿ ಅನುದಾನಕ್ಕೆ ಒಪ್ಪಿಗೆ ಸಿಕ್ಕಿತು. ಪ್ರಭುಲಿಂಗ ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ ಮುನಿರಾಜಪ್ಪನಿಗೆ ಫೋನು ಮಾಡಿ ಸುದ್ದಿ ತಿಳಿಸಿದರು. ಅವನು ಖುಷಿಯಲ್ಲಿ ಫೋನನ್ನು ಹೆಂಡತಿಗೂ ಕೊಟ್ಟ.

"ಬೋ ಸಂತೋಸ ಸಾರ್," ಎಂದರು ವೆಂಕಟಲಕ್ಷ್ಮಮ್ಮ. "ಒಂದ್ ಮಾತು. ಮುಂದಿನ್ಸಲ ಬರೋವಾಗ ಫೋನ್ ಮಾಡ್ಬೇಡಿ. ಸುಮ್ಕೆ ಬಂದ್ಬಿಡಿ, ನಿಮ್ ಮನೇ ಅಮ್ಮಾರ್ನೂ ಕರ್ಕಂಡು. ಹೇಳ್ಕಳ್ಸಿ ಬರಾಕೆ ನೀವೇನು ನೆಂಟ್ರಾ? ಮನೆಯೋರು."

ಬೆಂಗಳೂರಿಗೆ ಬಂದಾಗಿನಿಂದ ಪ್ರಭುಲಿಂಗರನ್ನು ಬಾಡಿಗೆಯವರು ಎಂದವರಿದ್ದರು, ಆಫೀಸಿನವರು ಎಂದವರಿದ್ದರು, ಆ ಕಡೆಯವರು ಎಂದವರಂತೂ ಬೇಕಾದಷ್ಟಿದ್ದರು.

"ಏನಂದ್ರು ರೀ? ರೊಕ್ಕ ಯಾವಾಗ ಬರತೈತಿ ಅಂತ ಕೇಳಿದ್ರೇನು?" ಎಂದು ಜಯಮಾಲಾ ಅಡುಗೆಮನೆಯಿಂದ ಇಣುಕಿದರು.

"ಅದನ್ನ ಕೇಳ್ಲೇ ಇಲ್ಲ," ಎಂದು ಪ್ರಭುಲಿಂಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮನ್ನ ಮನೆಯವ್ರು ಅಂದ್ರು ನೋಡು."