ಗುಡ್ ಮಾರ್ನಿಂಗ್ ಹೇಳದ ಕ್ಯಾಪ್ಟನ್ ಮತ್ತು ಮೂರು ಬಾಳೆಕಂದು

ಬೆಳಿಗ್ಗೆ ಐದೂ ಮುಕ್ಕಾಲು. ನಮ್ಮ ದ್ವೀಪದ ಆನ್ಸ್ ಮುಲಾ ಕೊಲ್ಲಿಯಲ್ಲಿ ಏಳು ವಿಹಾರನೌಕೆಗಳು ಲಂಗರು ಹಾಕಿವೆ. ಐದರ ಮೇಲೆ ಹಳದಿ ಬಾವುಟವಿದೆ, ಎರಡರ ಮೇಲೆ ಯಾವ ಬಾವುಟವೂ ಇಲ್ಲ. ಸಸ್ಯ ತಪಾಸಣಾಧಿಕಾರಿ ಐವೋರಿನ್ ಸೆರಾಂ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ನಿಂತು ಆ ಎರಡರ ಹೆಸರು ಬರೆದುಕೊಳ್ಳುತ್ತಿದ್ದಾರೆ.

ಹೊರದೇಶದ ನೌಕೆ ಹಳದಿ ಬಾವುಟ ಏರಿಸಿ ಕಾಯಬೇಕು. ಕ್ಯಾಪ್ಟನ್ ಒಬ್ಬನೇ ದಡಕ್ಕೆ ಬಂದು ಸುಂಕ, ವಲಸೆ, ಸಸ್ಯ ತಪಾಸಣೆ ಮುಗಿಸಬೇಕು. ಮೂರೂ ಮುದ್ರೆ ಬಿದ್ದ ಮೇಲೆ ಹಳದಿ ಇಳಿದು ನಮ್ಮ ಬಾವುಟ ಏರುತ್ತದೆ. ಮೂರನೆಯ ಮುದ್ರೆ ಹತ್ತೊಂಬತ್ತು ವರ್ಷಗಳಿಂದ ಐವೋರಿನ್ ಅವರ ಕೈಯಲ್ಲಿದೆ. ಪ್ರವಾಸಿ ಹಂಗಾಮಿನಲ್ಲಿ ದಿನಕ್ಕೆ ಹದಿನಾಲ್ಕು ನೌಕೆ ಬರುತ್ತವೆ. ತಪಾಸಣೆಗೆ ಇಲಾಖೆ ಒಂದು ದೋಣಿಯನ್ನೂ ಕೊಟ್ಟಿಲ್ಲ. ಮೀನುಗಾರ ಕಾಸ್ಮಸ್ ತನ್ನ ದೋಣಿಯಲ್ಲಿ ಕರೆದೊಯ್ಯುತ್ತಾನೆ.

"ಮಿಸ್ ಐವೋರಿನ್, ಇವತ್ತು ಯಾರಿಗೆ ಗುಡ್ ಮಾರ್ನಿಂಗ್ ಪಾಠ?" ಎಂದು ಅವನು ಛೇಡಿಸುತ್ತಾನೆ.

"ಮೊದ್ಲು ನಿಂಗೇ. ಬಂದು ಹತ್ತ್ ನಿಮಿಷ ಆಯ್ತು, ಹೇಳಿದ್ಯಾ?"

ನಮ್ಮಲ್ಲಿ ಬ್ರೆಡ್ ಕೊಳ್ಳಲು ಹೋದವರೂ ಮೊದಲು ಗುಡ್ ಮಾರ್ನಿಂಗ್ ಹೇಳುತ್ತಾರೆ. ಕಳೆದ ಮಂಗಳವಾರ ಬಂದ ಕ್ಯಾಪ್ಟನ್ ಹೇಳಲಿಲ್ಲ. ಅಂಗಿಯಿಲ್ಲದೆ ಕಚೇರಿಗೆ ನುಗ್ಗಿ ಮೇಜಿನ ಮೇಲೆ ಕಾಗದ ಎಸೆದ. ಗಿಡಗಳ ಕಾಲಂನಲ್ಲಿ 'ಇಲ್ಲ' ಎಂದಿತ್ತು.

"ನಾನು ಗುಡ್ ಮಾರ್ನಿಂಗ್ ಅಂದೆ. ಅವ್ನು ಗಡಿಯಾರ ನೋಡ್ದ. ಇನ್ನೊಂದ್ಸಲ ಅಂದೆ. 'ಮುದ್ರೆ ಒತ್ತಿ, ಸಾಕು' ಅಂದ. ಇಷ್ಟು ಅವಸರ ಯಾಕಿರ್ಬೋದು ಅಂತ ಹೋಗಿ ನೌಕೆ ಹತ್ತಿ ನೋಡ್ದೆ," ಎಂದರು ಐವೋರಿನ್.

ನೌಕೆಯ ಸ್ನಾನದ ಕೋಣೆಯಲ್ಲಿ, ಒದ್ದೆ ಟವೆಲ್ ಮುಚ್ಚಿದ ಬಕೆಟ್ಟಿನಲ್ಲಿ, ಪಕ್ಕದ ದ್ವೀಪದ ಮೂರು ಬಾಳೆಕಂದುಗಳಿದ್ದವು. ಅಲ್ಲಿ ಬಾಳೆಗೆ ಕಂದಿನಿಂದಲೂ ಹರಡುವ ಸೊರಗು ರೋಗವಿದೆ. ನಮ್ಮಲ್ಲಿ ಇನ್ನೂ ಬಂದಿಲ್ಲ. ಕೊಲ್ಲಿಯ ಹಿಂದಿನ ಗುಡ್ಡದಲ್ಲಿ ಇನ್ನೂರು ಕುಟುಂಬಗಳು ಬಾಳೆಯನ್ನೇ ನಂಬಿವೆ. ಐವೋರಿನ್ ಕಂದುಗಳನ್ನು ಧಕ್ಕೆಯಲ್ಲೇ ಸುಟ್ಟರು.

ಕ್ಯಾಪ್ಟನ್ ರಾಜಧಾನಿಗೆ ದೂರು ಕೊಟ್ಟ: ಒರಟು ನಡತೆ, ನಲವತ್ತು ನಿಮಿಷ ವಿಳಂಬ. ಮೇಲಧಿಕಾರಿಗಳು ಐವೋರಿನ್ ಅವರಿಗೆ ಕಳಿಸಿದ ಪತ್ರವನ್ನು, ಈ ವರದಿ ಬರೆಯಲು ಬಂದ ನಾನು ಎರಡು ಸಲ ಓದಿದೆ. ಬಾಳೆಕಂದಿನ ಮಾತೇ ಅದರಲ್ಲಿಲ್ಲ. ಸುಳ್ಳು ಬರೆದವನಿಗೆ ದಂಡವಿಲ್ಲ. ಹಿಡಿದವರು ಶುಕ್ರವಾರದೊಳಗೆ ಅವನ ಕ್ಷಮೆ ಕೇಳಬೇಕು, ಇಲ್ಲವೇ ವರ್ಗಾವಣೆ. 'ಅತಿಥಿಗಳನ್ನು ನಗುತ್ತ ಬರಮಾಡಿಕೊಳ್ಳಿ' ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿದೆ. ರೋಗವೂ ಅತಿಥಿಯೇ ಎಂದು ಇಲಾಖೆ ತಿಳಿದಂತಿದೆ.

"ಬರ್ದ್ ಬಿಸಾಕಿ ಮಿಸ್. ಒಂದ್ ಕಾಗದ ತಾನೆ," ಎನ್ನುತ್ತಾನೆ ಕಾಸ್ಮಸ್.

"ಅವ್ನು 'ಇಲ್ಲ' ಅಂತ ಬರ್ದಿದ್ದೂ ಕಾಗದಾನೇ ಕಣೋ."

ನಿಮಗೆ ಏನು ಬೇಕು ಎಂದು ನಾನು ಐವೋರಿನ್ ಅವರನ್ನು ಕೇಳಿದೆ. "ಇಲಾಖೇದೇ ಒಂದ್ ದೋಣಿ. ಇವನ ಮೀನಿನ ವಾಸ್ನೆ ತಡ್ಕೊಂಡು ಸಾಕಾಗಿದೆ," ಎಂದರು.

ಶುಕ್ರವಾರ ಐವೋರಿನ್ ಕ್ಷಮೆ ಕೇಳಲಿಲ್ಲ. ಸೋಮವಾರ ರಾಜಧಾನಿಯ ಉಗ್ರಾಣಕ್ಕೆ ಅವರ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬಂದಿಲ್ಲ. ಮರುದಿನ, ಮಂಗಳವಾರ, ಹನ್ನೊಂದು ನೌಕೆಗಳು ಬಂದವು. ಹನ್ನೊಂದಕ್ಕೂ ಸುಂಕದ ಗುಮಾಸ್ತನೇ ಸಸ್ಯ ತಪಾಸಣೆಯ ಮುದ್ರೆ ಒತ್ತಿದ. ಯಾವುದನ್ನೂ ಯಾರೂ ಹತ್ತಿ ನೋಡಲಿಲ್ಲ.