ಸಾಕು ಎನ್ನುವ ಕೈ

ಖುಷಿಯಾದಾಗ ಕೆಲವರು ಹಾಡುತ್ತಾರೆ, ಕೆಲವರು ಕುಣಿಯುತ್ತಾರೆ. ನಾನು ಮೂಲಂಗಿ ಕೊಳ್ಳುತ್ತೇನೆ. ಅದೂ ಅಂತಿಂಥ ಮೂಲಂಗಿಯಲ್ಲ; ಕೊರಿಯಾದವರ ಅಂಗಡಿಯಲ್ಲಿ ಸಿಗುವ, ಎತ್ತಿಕೊಂಡರೆ ಬೆನ್ನು ತಟ್ಟಿ ಮಲಗಿಸೋಣ ಎನಿಸುವಷ್ಟು ದುಂಡನೆಯ ಮೂಲಂಗಿ. ನಾವಿರುವ ಪರದೇಶದ ಈ ಸ್ನೊಕ್ವಾಲ್ಮಿಯಲ್ಲಿ ವಾರಾಂತ್ಯ ಬಂತೆಂದರೆ ಊರಿಗೆ ಊರೇ ಬೂಟು ಕಟ್ಟಿಕೊಂಡು ಬೆಟ್ಟ ಹತ್ತಲು ಹೊರಡುತ್ತದೆ. ನಾನು ಬೆಟ್ಟಕ್ಕೆ ಬೆನ್ನು ಹಾಕಿ, ಹದಿನೆಂಟನೇ ಹೆದ್ದಾರಿ ಹಿಡಿದು, ಫೆಡರಲ್ ವೇ ಎಂಬ ಊರಿನಲ್ಲಿರುವ ಆ ಅಂಗಡಿಗೆ ಕಾರು ಓಡಿಸುತ್ತೇನೆ.

ಆದರೆ ಆ ಶನಿವಾರ ನಾನು ಹೊರಟದ್ದು ಖುಷಿಯಿಂದಲ್ಲ, ಗಾಬರಿಯಿಂದ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ, ತಿಂಗಳು ತುಂಬುವ ಮೊದಲೇ ಬೆಳಗಿನ ಕಾಫಿ ಹೊತ್ತಿಗೆ ಮಗನಿಗೆ ಹೇಳಿಬಿಟ್ಟಿದ್ದರು: “ಟಿಕೆಟ್ ಮುಂಚೆ ಮಾಡಿಸಿಬಿಡೋ ರಘು. ಯಾಕೋ ಇಲ್ಲಿ ನಂಗೆ ಊಟಾನೇ ಸೇರ್ತಿಲ್ಲ.” ರಘು ನನ್ನ ಗಂಡ. ಬೇರೆ ಯಾವ ಕೆಲಸ ಹೇಳಿದರೂ ನಾಳೆ ಎನ್ನುವ ಮನುಷ್ಯ ಆವತ್ತು ತಕ್ಷಣ ಲ್ಯಾಪ್‌ಟಾಪ್ ತೆರೆದು ಕೂತ.

ಅತ್ತೆ ಹೊರಟರೆ ಸೊಸೆಗೆ ಹಬ್ಬವಲ್ಲವೇ ಎಂದು ನೀವು ನಗಬಹುದು. ನಗಿ. ನನಗೆ ಮಾತ್ರ ನಗು ಬರಲಿಲ್ಲ. ಹುರುಳೀಕಾಯಿ ಸೋಸುತ್ತಾ ಅವರು ಹೇಳುವ ಬೀದಿ ಸಮಾಚಾರವಿಲ್ಲದೆ ನನಗೀಗ ಬೆಳಗಾಗುತ್ತಿರಲಿಲ್ಲ. ಜೊತೆಗೆ, ಮದುವೆಯಾದಾಗಿನಿಂದ ರಘು ಒಮ್ಮೆಯೂ ನಗದ ನನ್ನ ಜೋಕುಗಳಿಗೆ ಅತ್ತೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಾರೆ. ಅಂಥವರನ್ನು ಯಾರಾದರೂ ವಿಮಾನ ಹತ್ತಿಸುತ್ತಾರೆಯೇ?

ಊಟದಲ್ಲಿ ನಾನೇನೂ ಕೊರತೆ ಮಾಡಿರಲಿಲ್ಲ, ಅಥವಾ ಹಾಗೆಂದುಕೊಂಡಿದ್ದೆ. ಹುಳಿ, ಸಾರು, ಪಲ್ಯ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು “ಬಡಿಸ್ಕೊಳ್ಳಿ ಅತ್ತೆ” ಎನ್ನುತ್ತಿದ್ದೆ. ಆಗೀಗ ನಾನೇ ಸೌಟು ಹಿಡಿದರೆ ಅವರು “ಸಾಕು ಸಾಕು” ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಕೂಡಲೇ ನಿಲ್ಲಿಸುತ್ತಿದ್ದೆ. ಬೇಡ ಎಂದವರನ್ನು ಬಲವಂತ ಮಾಡಬಾರದು ಎಂಬುದು ಈ ದೇಶದ ಸಭ್ಯತೆ. ಎರಡನೇ ಕ್ಲಾಸಿನ ನನ್ನ ಮಗಳು ಅನು ಕೂಡ “ಗುಡ್ ಜಾಬ್ ಅಮ್ಮ, ಅಜ್ಜಿ ಸೆಡ್ ನೋ” ಎಂದು ನನಗೆ ನೂರಕ್ಕೆ ನೂರು ಕೊಟ್ಟಿದ್ದಳು.

ಅನುವಿಗೆ ಈಜಿನ ಕ್ಲಾಸಿತ್ತು; ಅಪ್ಪ-ಮಗಳಿಬ್ಬರನ್ನೂ ಅತ್ತ ಕಳಿಸಿ, ಅತ್ತೆ ಮತ್ತು ನಾನು ಇಬ್ಬರೇ ಹೊರಟೆವು. ಬಾಯಿಗೆ ರುಚಿಸುವಂಥ ತರಕಾರಿ ಸಿಕ್ಕರೆ ಅತ್ತೆಯ ಮನಸ್ಸು ಬದಲಾದೀತು ಎಂಬುದು ನನ್ನ ಲೆಕ್ಕಾಚಾರ. ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಂಡದ್ದೇ ತಡ, ಅತ್ತೆ ತಳ್ಳುಗಾಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಸೌತೆಕಾಯಿಯನ್ನು ಮೂಸಿದರು, ಗೆಣಸನ್ನು ಉಗುರಿನಿಂದ ಕೆರೆದರು, ಎಲೆಕೋಸನ್ನು ತಟ್ಟಿ ಸದ್ದು ಕೇಳಿದರು. ಎಲೆಕೋಸು ತಟ್ಟಿದರೆ ಏನು ಗೊತ್ತಾಗುತ್ತದೋ ನನಗೆ ಇವತ್ತಿಗೂ ತಿಳಿಯದು. ಆದರೆ ಪಕ್ಕದಲ್ಲಿದ್ದ ಕೊರಿಯಾದ ಅಜ್ಜಿಯೊಬ್ಬರು ತಾವೂ ಒಂದನ್ನು ತಟ್ಟಿ ನೋಡಿ, ಅತ್ತೆಯತ್ತ ತಿರುಗಿ ತಲೆಯಾಡಿಸಿದರು. ಗೋಡೆಯುದ್ದಕ್ಕೂ ಜೋಡಿಸಿದ್ದ ಕೆಂಪನೆಯ ಕಿಮ್ಚಿ ಜಾಡಿಗಳ ಮುಂದೆ ಅತ್ತೆ ಕೈ ಮುಗಿಯುವುದೊಂದು ಬಾಕಿ. “ನೋಡೇ, ಉಪ್ಪಿನಕಾಯಿಗೆ ಇಷ್ಟು ಮರ್ಯಾದೆ ಕೊಡೋ ಜನ ನಮ್ಮನ್ನ ಬಿಟ್ರೆ ಇವರೇ ಕಣೇ” ಎಂದರು. ಅದಕ್ಕೆ ಮೀನು ಬಿದ್ದಿರುತ್ತದೆ ಎಂದಾಗ ಒಂದು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ಮೆಚ್ಚಿಕೊಂಡರು. ಗಾಡಿ ತುಂಬಿತು. ಮೂಲಂಗಿಗಳು ಮಕ್ಕಳ ಹಾಗೆ ಮೇಲೆ ಕೂತವು. ನಾವಿಬ್ಬರೂ ಯಾವುದಕ್ಕೆಂದು ಗೊತ್ತಿಲ್ಲದೆ ನಗುತ್ತಿದ್ದೆವು.

ಅಂಗಡಿಗೆ ಅಂಟಿಕೊಂಡೇ ಒಂದು ಪುಟ್ಟ ಹೋಟೆಲು. ಮಾಂಸ, ಮೊಟ್ಟೆ, ಮೀನು ಯಾವುದೂ ಬೇಡ ಎಂದು ಯಜಮಾನಿತಿಗೆ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಮೀನಿನ ಸನ್ನೆ ಸ್ವಲ್ಪ ನಾಟ್ಯದ ಹಾಗೆ ಆಯಿತು. ಆಕೆ ಚಪ್ಪಾಳೆ ತಟ್ಟಿ ಒಳಗೆ ಹೋದಳು. ಮೊದಲು ನೀರು ಬಂತು, ಸ್ಟೀಲ್ ಲೋಟದಲ್ಲಿ. ಅತ್ತೆ ಲೋಟವನ್ನು ತಿರುಗಿಸಿ ನೋಡಿ, “ಸ್ಟೀಲ್ ಲೋಟ ಇಟ್ಕೊಂಡಿದಾರೆ ಅಂದ್ರೆ ಒಳ್ಳೇ ಜನಾನೇ ಇರ್ಬೇಕು” ಎಂದು ತೀರ್ಪು ಕೊಟ್ಟರು. ಹಿಂದೆಯೇ ಬಿಸಿ ಕಲ್ಲಿನ ಬಟ್ಟಲಲ್ಲಿ ಬಿಬಿಂಬಾಪ್ ಬಂತು: ಅಡಿಯಲ್ಲಿ ಚುರುಗುಟ್ಟುವ ಅನ್ನ, ಮೇಲೆ ಬಗೆಬಗೆಯ ಪಲ್ಯ, ಪಕ್ಕದಲ್ಲಿ ಖಾರದ ಗೊಜ್ಜು, ಎಲ್ಲ ಸೇರಿಸಿ ಕಲಸಿಕೊಳ್ಳಬೇಕು ಎಂದೆ. “ಕಲಸನ್ನ ಅನ್ನು ಮತ್ತೆ! ಅದಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ?” ಎಂದು ಅತ್ತೆ ಕಲಸಲು ಶುರು ಮಾಡಿದರು.

ಎಡವಟ್ಟಾದದ್ದು ಸುತ್ತ ಇಟ್ಟಿದ್ದ ಪುಟ್ಟ ಪುಟ್ಟ ಬಟ್ಟಲುಗಳಿಂದ. ಎಳ್ಳೆಣ್ಣೆ ಹಾಕಿದ ಸೊಪ್ಪು, ಮೊಳಕೆಕಾಳು, ಸಿಹಿ ಆಲೂಗಡ್ಡೆ, ಸೌತೆಕಾಯಿ. ಬಡಿಸಿದ್ದನ್ನು ಬಿಟ್ಟು ಏಳಬಾರದು ಎಂದು ಬೆಳೆದವರು ನಾವು. ಎಲ್ಲವನ್ನೂ ಖಾಲಿ ಮಾಡಿದೆವು. ಖಾಲಿ ಬಟ್ಟಲು ಕಂಡರೆ ತುಂಬಿಸಬೇಕು ಎಂದು ಬೆಳೆದವಳು ಆ ಯಜಮಾನಿತಿ, ತುಂಬಿಸಿದಳು. ಮತ್ತೆ ಮುಗಿಸಿದೆವು. ಮತ್ತೆ ತುಂಬಿಸಿದಳು. ನನ್ನ ಬೆಲ್ಟು ಒಂದು ತೂತು ಹಿಂದೆ ಸರಿಯಿತು. ಇಬ್ಬರೂ ಮರ್ಯಾದಸ್ಥರಾದರೆ ಈ ಊಟಕ್ಕೆ ಕೊನೆಯೇ ಇಲ್ಲವಲ್ಲ ಎಂದು ನಾನು ದಿಗಿಲುಬಿದ್ದಿರುವಾಗ, ಅತ್ತೆ “ಸಾಕಮ್ಮ, ಸಾಕು ಸಾಕು” ಎಂದು ಸೊಪ್ಪಿನ ಬಟ್ಟಲಿಗೆ ಕೈ ಅಡ್ಡ ಹಿಡಿದರು. ಆ ಪುಣ್ಯಾತ್ಗಿತ್ತಿಗೆ ಕನ್ನಡ ಎಲ್ಲಿಂದ ಬರಬೇಕು? ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ, ಇನ್ನಷ್ಟು ಹಾಕಿ, ಬೆನ್ನು ಸವರಿ ಹೋದಳು.

ಅತ್ತೆಯ ಮುಖ ನೀವು ನೋಡಬೇಕಿತ್ತು. ನಮ್ಮ ಮನೆಗೆ ಬಂದಾಗಿನಿಂದ ಆ ಮುಖ ನಾನು ನೋಡಿರಲಿಲ್ಲ. ತಳ ಹಿಡಿದ ಗರಿಗರಿ ಅನ್ನವನ್ನೂ ಕೆರೆದುಕೊಂಡು ತಿಂದರು.

ಆಗ ಹೊಳೆಯಿತು ನನಗೆ. ನಮ್ಮ ಪಂಕ್ತಿಯಲ್ಲಿ ಬಾಯಿ ಹೇಳುವ ಸಾಕಿಗೆ ಬೆಲೆಯಿಲ್ಲ, ಕೈ ಹೇಳುವ ಸಾಕಿಗೆ ಬೆಲೆ. ಬೆರಳುಗಳು ಒತ್ತಾಗಿ ಕೂಡಿಕೊಂಡಿದ್ದರೆ ನಿಜಕ್ಕೂ ಸಾಕು. ಬೆರಳ ಸಂದಿಯಲ್ಲಿ ಸಾರು ಇಳಿಯುವಷ್ಟು ಜಾಗವಿದ್ದರೆ ಅದು ಬರಿಯ ಸಂಕೋಚ. ಬಡಿಸುವವರು ಅಂಜದೆ ಬಡಿಸಬೇಕು. ಸೆರಗು ಸಿಕ್ಕಿಸಿಕೊಂಡು ಎಷ್ಟೋ ಮದುವೆಗಳಲ್ಲಿ ಹುಳಿ ಬಡಿಸಿದವಳು ನಾನು. ಇಲ್ಲಿಗೆ ಬಂದು ಸಭ್ಯಳಾಗಿ, ಅತ್ತೆಯನ್ನು ಅರೆಹೊಟ್ಟೆಯಲ್ಲಿ ಇಟ್ಟಿದ್ದೆ. ಪಾಪ, ಅವರಿಗೆ ಸೇರದಿದ್ದದ್ದು ಊಟವಲ್ಲ, ಯಾರೂ ಒತ್ತಾಯ ಮಾಡದ ಊಟ. ನಾಚಿಕೆಯೂ ಆಯಿತು, ನಗುವೂ ಬಂತು, ನಗುವೇ ಗೆದ್ದಿತು.

ರಾತ್ರಿಯೂಟಕ್ಕೆ ಮೂಲಂಗಿ ಹುಳಿ ಮಾಡಿದೆ. ಪಾತ್ರೆಗಳನ್ನು ಮೇಜಿಗೆ ತರಲಿಲ್ಲ; ಸೌಟು ಹಿಡಿದು ನಾನೇ ನಿಂತೆ. “ಸಾಕು ಸಾಕು” ಎಂದರು ಅತ್ತೆ. ಹಾಕಿದೆ. ಅನು ಕಿರುಚಿದಳು: “ಅಮ್ಮ! ಅಜ್ಜಿ ಸೆಡ್ ನೋ!”

“ಬಾಯಿ ನೋಡ್ಬೇಡ ಪುಟ್ಟಿ, ಬೆರಳು ನೋಡು,” ಎಂದು ಅತ್ತೆ ಮೊಮ್ಮಗಳಿಗೆ ತೆರೆದ ಬೆರಳು, ಮುಚ್ಚಿದ ಬೆರಳು ಎರಡನ್ನೂ ಹಿಡಿದು ತೋರಿಸಿದರು. ಶಾಲೆಯಲ್ಲಿ ಕಲಿಸಿದ್ದಕ್ಕೂ ಇದಕ್ಕೂ ತಾಳೆಯಾಗದೆ ಅನು ಹುಬ್ಬು ಗಂಟಿಕ್ಕಿದಳು. ಆದರೂ ಅಜ್ಜಿಯ ಕೈಯನ್ನು ಚೆನ್ನಾಗಿ ನೋಡಿಕೊಂಡಳು.

ಆಗಲೇ ರಘು ಕೇಳಿದ: “ಅಮ್ಮ, ಮುಂದಿನ ವಾರದ್ದೇ ಒಂದು ಸೀಟಿದೆ. ಮಾಡಿಸಿಬಿಡ್ಲಾ?”

“ಅತ್ತೆ, ಹೋಗ್ಬೇಡಿ. ಆರು ತಿಂಗಳೂ ಇರಿ, ನನಗೋಸ್ಕರ” ಎಂದೆ.

“ಅಯ್ಯೋ, ಸಾಕು ಕಣಮ್ಮ. ಎಷ್ಟು ದಿನ ಅಂತ ನಿಮಗೆ ತೊಂದರೆ ಕೊಡ್ಲಿ? ಇದ್ದಿದ್ದು ಸಾಕು,” ಎಂದು ಅತ್ತೆ ಅಭ್ಯಾಸಬಲದಿಂದ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

ರಘು ಲ್ಯಾಪ್‌ಟಾಪಿನತ್ತ ವಾಲಿದ. ಅನು ಮೇಜಿನ ಮೇಲೆ ಬಗ್ಗಿ ಅಜ್ಜಿಯ ಕೈಯನ್ನೇ ದಿಟ್ಟಿಸಿದಳು. “ಅಮ್ಮ! ಫಿಂಗರ್ಸ್ ಆರ್ ಓಪನ್!”

“ರೀ, ಅದನ್ನ ಮುಚ್ಚಿ” ಎಂದು ರಘುವಿಗೆ ಹೇಳಿ, ನಾನು ಅತ್ತೆಯ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಹುಳಿ ಬಡಿಸಿದೆ.