ಆಷಾಢಕ್ಕೆ ಬಲಿತ ಅಪ್ಸೆಣಬು

ಅರವತ್ತರ ದಶಕದ ಮಾತು. ಧನಗೆರೆಯ ನಮ್ಮ ಮನೆಯ ಎದುರಿಗೇ ಗದ್ದೆ. ಆ ವರ್ಷ ಅಪ್ಪ ಬೇಸಾಯದ ಸಲಹೆಗೆ ಬರುತ್ತಿದ್ದ ಗ್ರಾಮಸೇವಕರಿಂದ ಬೀಜ ತಂದು ಅಪ್ಸೆಣಬು ಚೆಲ್ಲಿದ. ಅದು ಕೊಯ್ಯುವ ಬೆಳೆಯಲ್ಲ. ಎಳೆಯದಿದ್ದಾಗ ಉತ್ತು ಮಣ್ಣಿಗೆ ಸೇರಿಸಿದರೆ ಕೊಳೆತು ಭತ್ತಕ್ಕೆ ಗೊಬ್ಬರವಾಗುತ್ತದೆ. ಮೊದಲ ಹೂ ಕಂಡ ವಾರದಲ್ಲೇ ಉಳಬೇಕು, ಆಗ ದಂಟು ಹುರಳಿಕಾಯಿಯಂತೆ ಲಟಕ್ಕನೆ ಮುರಿಯುತ್ತದೆ ಎಂದು ಗ್ರಾಮಸೇವಕರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಹೂ ಬಂದು ಗದ್ದೆಯೆಲ್ಲ ಹಳದಿಯಾಯಿತು. ಅದೇ ವಾರ ನನ್ನನ್ನು ನೋಡಲು ಯಳಂದೂರಿನಿಂದ ಗಂಡಿನವರು ಬರಬೇಕಿತ್ತು. ಆ ಗಂಡನ್ನು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಒಮ್ಮೆ ನೋಡಿದ್ದೆ, ಮನಸ್ಸಿಗೆ ಒಪ್ಪಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಆಷಾಢ ಹಿಡಿಯಿತು. ಶ್ರಾವಣದಲ್ಲಿ ಬರುತ್ತೇವೆಂದು ಹೇಳಿಕಳಿಸಿದರು. ಅವರು ಆ ಹಳದಿ ನೋಡಿ ಬೆರಗಾಗಬೇಕೆಂದು ಅಪ್ಪನ ಹಟ. ಗ್ರಾಮಸೇವಕರು ಎರಡು ಸಲ ಸೈಕಲ್ಲಿನಲ್ಲಿ ಬಂದು ಎಚ್ಚರಿಸಿದರು.

"ಆಸಾಡ ಕಳೀಲಿ ಸಾ. ಮಗೀನ್ ಕಾರ್ಯ ಮೊದ್ಲು, ನಿಮ್ ಗೊಬ್ರ ಆಮೇಕೆ," ಎಂದ ಅಪ್ಪ.

ಹೂವಿಗೆ ಅಷ್ಟು ತಾಳ್ಮೆಯಿರಲಿಲ್ಲ. ಶ್ರಾವಣ ಹುಟ್ಟುವಾಗ ಗಿಡದ ತುಂಬ ಒಣಕಾಯಿ. ಗಾಳಿ ಬಂದರೆ ಗದ್ದೆಗೆ ಗೆಜ್ಜೆ ಕಟ್ಟಿದಂತೆ ಸದ್ದು. ಅಪ್ಪ ಗಾಬರಿಯಿಂದ ಉತ್ತು, ನೀರು ಕಟ್ಟಿ ನಾಟಿ ಹಾಕಿಸಿದ. ನಾಟಿಯ ಹೆಂಗಸರು ಕಾಲಿಗೆ ದಂಟು ಚುಚ್ಚಿಸಿಕೊಂಡು, ಕೆಳಗೆ ಪೊರಕೆ ಹೂತಿದ್ದೀರಾ ಎಂದು ಕೇಳಿದರು. ಮೂರು ವಾರಕ್ಕೆ ಪೈರು ಬಿಳಿಚಿಕೊಂಡಿತು. ಬಲಿತ ದಂಟು ತಾನು ಕೊಳೆಯುವುದಕ್ಕೇ ಮಣ್ಣಿನ ಸಾರವನ್ನು ಮೊದಲು ಉಣ್ಣುತ್ತದೆ, ಪೈರಿಗೆ ಬಿಡುವುದು ನಿಧಾನ ಎಂದರು ಗ್ರಾಮಸೇವಕರು. ಅಪ್ಪ ಕಾದಿದ್ದ ಹಳದಿ ಅಂತೂ ಮತ್ತೆ ಬಂತು, ಈ ಸಲ ಪೈರಿಗೆ.

ಗಂಡಿನವರೂ ಬಂದರು. ಪಕ್ಕದ ಗದ್ದೆಯವನು ತನ್ನ ಅಪ್ಸೆಣಬನ್ನು ಸಮಯಕ್ಕೆ ಉತ್ತಿದ್ದ. ಅವನ ಪೈರು ಕಡುಹಸಿರು. ಅಪ್ಪ ಗಂಡಿನವರನ್ನು ಬದುವಿನ ಮೇಲೆ ನಿಲ್ಲಿಸಿ ಅದನ್ನೇ ನಮ್ಮದೆಂದು ತೋರಿಸಿದ. ಕಳೆ ಕೀಳುತ್ತಿದ್ದ ಪಕ್ಕದವನು ಸೊಂಟ ನೆಟ್ಟಗೆ ಮಾಡಿದ.

"ನಂದು ಯಾವಾಗ್ಲಾ ನಿಂದಾಯ್ತು?"

ಜಗುಲಿಯ ಮೇಲಿದ್ದ ನಾನು ಕಾಫಿ ಲೋಟಗಳನ್ನು ಕೆಳಗಿಟ್ಟು ಮೆಟ್ಟಿಲಿಗೆ ಬಂದೆ. ಗಂಡಿನ ತಂದೆ ತಿರುಗಿ ನೋಡಲು ಹೋಗಿ, ಬದುವಿನಿಂದ ಜಾರಿ ಮೊಣಕಾಲುದ್ದ ನಮ್ಮ ಗದ್ದೆಗಿಳಿದರು. ಎದ್ದಾಗ ಅವರ ಕೈಯಲ್ಲಿ ಒಂದು ಹಿಡಿ ದಂಟು. ಅಪ್ಪ ಹೂವು, ಆಷಾಢ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡ. ಗಂಡಿನ ತಂದೆ ದಂಟಿನ ತೊಗಟೆ ಸುಲಿದರು. ನೀರಿನಲ್ಲಿ ನೆನೆದ ನಾರು ನೀಟಾಗಿ ಬಂತು. ಬದುವಿನ ಮೇಲೆ ಕೂತು ತೊಡೆಯ ಮೇಲೆ ಹೊಸೆಯತೊಡಗಿದರು. ಎರಡು ಮೊಳ ಹಗ್ಗವಾಯಿತು.

"ಆಸಾಡ ಅಂತ ಕಾಯಿಸ್ದೋರು ನಾವೇ ಅಲ್ವಾ," ಎಂದರು. "ಎಣ್ಣನ್ನ ಇನ್ನೂ ಕಾಯಿಸೋದ್ ಬ್ಯಾಡ ಕಣ್ರಿ."

ಅವ್ವ ಕೊಟ್ಟ ಬಾಳೆಗೊನೆಯನ್ನು ಆ ಹಗ್ಗದಲ್ಲೇ ಗಾಡಿಗೆ ಬಿಗಿದುಕೊಂಡು ಹೊರಟರು. ಗದ್ದೆ ಹಸಿರಾದದ್ದು ತಿಂಗಳ ಮೇಲೆ, ಬಂದು ನೋಡುವವರು ಯಾರೂ ಇಲ್ಲದಾಗ.